ಕಣ್ಣು ಹೋದವಳ ಕುರ್ಚಿ

ದೀಪಾವಳಿ ಮುಗಿದು ಹೊತ್ತು ಬೇಗ ಮುಳುಗುವ ದಿನಗಳು ಬಂದರೆ ಸಾಕು, ಮಧ್ಯಾಹ್ನದ ಚಹಾ ಕುಡಿಯುವಾಗಲೇ ನನ್ನ ಎದೆ ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ಮುಂಬಯಿಯ ಚರ್ಚ್‌ಗೇಟಿನ ಹತ್ತಿರದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತೆ. ಮನೆ ಮಲಾಡಿನಲ್ಲಿ. ಲೋಕಲ್ ರೈಲು ಹಿಡಿದು ಮಲಾಡಿನಲ್ಲಿ ಇಳಿಯುವ ಹೊತ್ತಿಗೆ ಕತ್ತಲಾಗಿರುತ್ತಿತ್ತು. ಉಳಿದವರ ಪಾಲಿಗೆ ಅದು ಕತ್ತಲೆಯೇ ಅಲ್ಲ. ಪ್ಲಾಟ್‌ಫಾರ್ಮಿನ ತುಂಬ ಟ್ಯೂಬ್‌ಲೈಟು, ಹೊರಗೆ ತರಕಾರಿಯವರ ಬುಟ್ಟಿಗಳ ಪಕ್ಕದಲ್ಲಿ ಗ್ಯಾಸ್‌ಬತ್ತಿ. ನನಗೂ ಆ ದೀಪಗಳು ಕಾಣುತ್ತಿದ್ದವು, ಆದರೆ ಅವುಗಳ ಕೆಳಗಿನ ನೆಲ ಕಾಣುತ್ತಿರಲಿಲ್ಲ. ಮುಂದೆ ಹೋಗುವ ಯಾವುದಾದರೂ ಹೆಂಗಸಿನ ತಿಳಿಬಣ್ಣದ ಸೀರೆಯನ್ನು ಗುರುತು ಇಟ್ಟುಕೊಂಡು, ಅವಳು ಮೆಟ್ಟಿಲು ಹತ್ತಿದರೆ ನಾನೂ ಹತ್ತುತ್ತಿದ್ದೆ, ಅವಳು ಇಳಿದರೆ ಇಳಿಯುತ್ತಿದ್ದೆ. ಒಮ್ಮೆ ಹಾಗೆಯೇ ಹೋಗಿ ಸ್ಟೇಶನ್ನಿನ ಪಶ್ಚಿಮಕ್ಕೆ ಇಳಿಯಬೇಕಾದವಳು ಪೂರ್ವಕ್ಕೆ ಇಳಿದು, ಗೊತ್ತಿಲ್ಲದ ಗಲ್ಲಿಯಲ್ಲಿ ಒಂದು ಗೋಡೆ ಹಿಡಿದು ನಿಂತುಬಿಟ್ಟಿದ್ದೆ.

ಇದು ರೋಗವೆಂದು ನನಗೆ ಅನ್ನಿಸಿರಲಿಲ್ಲ. ಬಿಜಾಪುರದಲ್ಲಿ ಹುಡುಗಿಯಾಗಿದ್ದಾಗಿನಿಂದಲೂ ನನಗೆ ಇರುಳುಗಣ್ಣು. ಅಜ್ಜಿ ನುಗ್ಗೆಸೊಪ್ಪಿನ ಪಲ್ಯ ಮಾಡಿ ತಿನ್ನಿಸುತ್ತಿದ್ದಳು, ಸಂಜೆಯ ಮೇಲೆ ಅಂಗಳಕ್ಕೆ ಹೋಗಬೇಡ ಎನ್ನುತ್ತಿದ್ದಳು, ಅಲ್ಲಿಗೆ ಮುಗಿಯಿತು. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ನನ್ನ ಗಂಡ ಗುರುನಾಥ ಅದನ್ನು ನನ್ನ ಗಡಿಬಿಡಿ ಸ್ವಭಾವವೆಂದು ತಿಳಿದಿದ್ದರು. ನೀರಿನ ಕೊಡ ಎಡವಿದರೆ, ಬಾಗಿಲಿಗೆ ಹಣೆ ಬಡಿಸಿಕೊಂಡರೆ, ನೋಡಿ ನಡೆಯಬಾರದೇ ಎನ್ನುತ್ತಿದ್ದರು. ನಾನೂ ಹಾಗೆಯೇ ನನ್ನನ್ನು ಬೈದುಕೊಳ್ಳುತ್ತಿದ್ದೆ.

ಆದರೆ ಒಂದು ದಿನ ಬೆಳಗ್ಗೆ, ಕಣ್ಣು ಕೋರೈಸುವ ಬಿಸಿಲಿನಲ್ಲಿ, ಕೈಗಾಡಿಯೊಂದರಿಂದ ಹೊರಚಾಚಿದ್ದ ಕಬ್ಬಿಣದ ಸಲಾಕೆ ನನ್ನ ಕಿವಿಯ ಪಕ್ಕಕ್ಕೆ ಬಡಿಯಿತು. ಗಾಡಿ ನನ್ನ ಮಗ್ಗುಲಿಗೇ ಬಂದಿತ್ತು, ನನಗೆ ಅದರ ಸುಳಿವೇ ಇರಲಿಲ್ಲ. ರಕ್ತ ಸೋರುತ್ತಿದ್ದರೂ ಗಾಡಿಯವನು, ಕಣ್ಣು ಕಾಣುವುದಿಲ್ಲವೇ, ಎಂದು ಬೈದ. ಅವನು ಬೈದದ್ದು ನನಗೆ ಪ್ರಶ್ನೆಯಾಗಿ ಕೇಳಿಸಿತು. ಹಗಲು ಹೊತ್ತಿನಲ್ಲಿ ಅಷ್ಟು ದೊಡ್ಡ ಗಾಡಿ ನನಗೇಕೆ ಕಾಣಲಿಲ್ಲ?

ಮಲಾಡಿನ ಕಣ್ಣಿನ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿದರು. ಮತ್ತೆ ಮತ್ತೆ ನೋಡಿದರು. ಅವರು ಮಾತು ನಿಲ್ಲಿಸಿದ್ದೇ ನನಗೆ ಹೆದರಿಕೆ ಹುಟ್ಟಿಸಿತು. ಅಲ್ಲಿಯವರೆಗೆ ಅವರು ಕಚೇರಿ ಎಲ್ಲಿ, ಊರು ಯಾವುದು ಎಂದು ಹರಟುತ್ತಿದ್ದರು. ದೊಡ್ಡ ಆಸ್ಪತ್ರೆಗೆ ಹೋಗಿ, ತಡಮಾಡಬೇಡಿ, ಮನೆಯವರನ್ನು ಕರೆದುಕೊಂಡು ಹೋಗಿ ಎಂದಷ್ಟೇ ಹೇಳಿದರು.

ಆ ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಒಂದು ಉದ್ದನೆಯ ಪಡಸಾಲೆ. ಗೋಡೆಗುಂಟ ಬೆಂಚು. ನರ್ಸಮ್ಮ ಬಂದು ಸಾಲಾಗಿ ಎಲ್ಲರ ಕಣ್ಣಿಗೂ ಔಷಧಿ ಬಿಟ್ಟು, ಮುಚ್ಚಿಕೊಂಡು ಕೂಡಿ ಎಂದು ಹೇಳಿ ಹೋಗುತ್ತಿದ್ದಳು. ಅಷ್ಟು ಜನ ಕಣ್ಣು ಮುಚ್ಚಿಕೊಂಡು ಮೈ ತಾಗಿಸಿಕೊಂಡು ಕೂತಿದ್ದೆವು. ಪಕ್ಕದಲ್ಲಿದ್ದ ಗುಜರಾತಿ ಅಜ್ಜಿ ನನ್ನ ಕೈಯನ್ನು ತನ್ನ ಮಗಳ ಕೈ ಎಂದುಕೊಂಡು ಹಿಡಿದಿದ್ದಳು. ಗೊತ್ತಾದ ಮೇಲೂ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.

ಒಳಗೆ ಒಂದು ಕತ್ತಲೆ ಕೋಣೆಯಲ್ಲಿ ನನ್ನ ಗದ್ದವನ್ನು ಒಂದು ಪಟ್ಟಿಯ ಮೇಲೆ ಇರಿಸಿ, ಮುಂದಿನ ಕರಿ ಪರದೆಯ ನಡುವೆ ಇದ್ದ ಚುಕ್ಕೆಯನ್ನೇ ನೋಡುತ್ತಿರಬೇಕು, ಅಂಚಿನಿಂದ ಬೆಳಕಿನ ಹನಿಯೊಂದು ಬರುತ್ತದೆ, ಕಂಡ ಕೂಡಲೇ ಹಾಂ ಎನ್ನಬೇಕು ಎಂದು ಅಲ್ಲಿಯ ಹುಡುಗಿ ಹೇಳಿಕೊಟ್ಟಳು. ನಾನು ಚುಕ್ಕೆ ನೋಡುತ್ತ ಕಾದೆ. ಕೋಣೆ ನಿಶ್ಶಬ್ದ. ಬಹಳ ಹೊತ್ತಾದ ಮೇಲೆ, ಇನ್ನೂ ಶುರು ಮಾಡಿಲ್ಲವೇ ಎಂದು ಕೇಳಿದೆ. ಯಾವಾಗಲೋ ಶುರು ಮಾಡಿದ್ದೇನೆ ಅಮ್ಮಾ, ಎಂದಳು ಅವಳು. ನನ್ನ ಸುತ್ತ ಬೆಳಕು ಓಡಾಡುತ್ತಿತ್ತು, ಆ ಹುಡುಗಿಗೆ ಅದು ಕಾಣುತ್ತಿತ್ತು, ನಾನು ಮಾತ್ರ ಅದರ ನಡುವೆ ಏನೂ ಅರಿಯದೆ ಕೂತಿದ್ದೆ.

ದೊಡ್ಡ ಡಾಕ್ಟರು ನನ್ನನ್ನಲ್ಲ, ಗುರುನಾಥರನ್ನು ನೋಡಿ ಮಾತನಾಡಿದರು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಳಕ್ಕೆ ಸಾಯುತ್ತಾ ಬರುತ್ತಿದೆ, ಹುಟ್ಟಿನಿಂದಲೇ ಬಂದದ್ದು, ಔಷಧಿ ಇಲ್ಲ, ಆಪರೇಶನ್ ಇಲ್ಲ. ಪೂರ್ತಿ ಹೋಗಲು ಎಷ್ಟು ವರ್ಷವೆಂದು ಯಾರೂ ಹೇಳಲಾರರು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ತಂದೆತಾಯಿ ಮದುವೆಗೆ ಮೊದಲೇ ಸಂಬಂಧಿಕರೋ ಎಂದು ಕೇಳಿದರು. ಅಪ್ಪ ಅವ್ವನಿಗೆ ಸೋದರಮಾವ. ನಮ್ಮ ಕಡೆ ಅದೇನು ದೊಡ್ಡ ಸಂಗತಿಯಲ್ಲ. ಹೌದು ಎಂದೆ. ಅವರು ಬರೆದುಕೊಂಡರು. ನಿಮಗೆ ಮಕ್ಕಳಿದ್ದರೆ ಅವರನ್ನೂ ಒಮ್ಮೆ ತೋರಿಸಿ, ಗಂಡ ಹೊರಗಿನವರಾದ್ದರಿಂದ ಹೆಚ್ಚಾಗಿ ಏನೂ ಇರಲಾರದು, ಆದರೂ ತೋರಿಸಿ ಎಂದರು.

ರೈಲಿನಲ್ಲಿ ಬರುವಾಗ ಗುರುನಾಥ ಒಂದು ಮಾತನ್ನೂ ಆಡಲಿಲ್ಲ. ಅವರು ಗ್ರಾಂಟ್ ರೋಡಿನ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳೊಂದಿಗೆ ಮಾತಾಡುವವರು. ಮನೆಯಲ್ಲಿ ಮಗಳು ಸ್ವಾತಿ ನೆಲದ ಮೇಲೆ ಕೂತು ಶಾಲೆಯ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಆಗ ಅವಳಿಗೆ ಒಂಬತ್ತು ವರ್ಷ. ನಾನು ಬಾಗಿಲಲ್ಲೇ ನಿಂತು ಅವಳನ್ನು ನೋಡಿದೆ. ಅವಳು ಪೆನ್ಸಿಲ್ ಹುಡುಕಲು ಕೈ ಚಾಚಿದರೂ ನನ್ನ ಜೀವ ಹಾರಿತು. ಕಾಣದೆ ತಡಕುತ್ತಿದ್ದಾಳೆಯೇ, ಸುಮ್ಮನೆ ಹುಡುಕುತ್ತಿದ್ದಾಳೆಯೇ?

ಅಂದಿನಿಂದ ನಾನು ಅವಳ ಮೇಲೆ ಕಾವಲು ಕೂತೆ. ದೀಪ ಆರಿಸಿ ಲೋಟ ತರಹೇಳುತ್ತಿದ್ದೆ. ಪಕ್ಕದಿಂದ ಸದ್ದಿಲ್ಲದೆ ಕೈ ಚಾಚುತ್ತಿದ್ದೆ. ಆಸ್ಪತ್ರೆಗೆ ಕರೆದೊಯ್ಯಲು ಮಾತ್ರ ಧೈರ್ಯ ಬರುತ್ತಿರಲಿಲ್ಲ. ಮಳೆ ನಿಲ್ಲಲಿ ಎಂದೆ, ಪರೀಕ್ಷೆ ಮುಗಿಯಲಿ ಎಂದೆ, ಹಬ್ಬ ಕಳೆಯಲಿ ಎಂದೆ. ಕೊನೆಗೆ ಅವಳೇ ಒಂದು ದಿನ ತನ್ನ ಅರ್ಧಂಬರ್ಧ ಕನ್ನಡದಲ್ಲಿ ಕೇಳಿದಳು.

"ಮಮ್ಮಿ, ನನಗ ಭೀ ಹಿಂಗ ಹೋಗ್ತದ ಕ್ಯಾ?"

ಮರುದಿನವೇ ಕರೆದುಕೊಂಡು ಹೋದೆವು. ಅದೇ ಕತ್ತಲೆ ಕೋಣೆ, ಅದೇ ಕರಿ ಪರದೆ. ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಸ್ವಾತಿ ಹಾಂ ಎಂದಳು. ಮತ್ತೆ ಹಾಂ ಎಂದಳು. ಪ್ರತಿ ಸಲ ಆ ದನಿ ಬರುವವರೆಗೆ ನಾನು ಉಸಿರು ಬಿಡುತ್ತಿರಲಿಲ್ಲ. ಹಾಂ, ಹಾಂ, ಹಾಂ. ಕೊನೆಕೊನೆಗೆ ಅವಳಿಗೆ ಆಟದಂತಾಗಿ ಕಿಲಕಿಲ ನಕ್ಕಳು. ನಾನು ಅಲ್ಲೇ ಕುಸಿದು ಕೂತೆ. ಪರೀಕ್ಷೆ ಮಾಡುತ್ತಿದ್ದ ಹುಡುಗಿ ದೀಪ ಹಾಕಿ ನೀರು ಕೊಟ್ಟಳು.

ಸುದ್ದಿ ತಿಳಿದು ಅವ್ವ ಬಿಜಾಪುರದಿಂದ ಬಂದಳು. ಡಾಕ್ಟರು ಏನು ಕೇಳಿದರೆಂದು ಅವಳಿಗೆ ಹೇಳಬಾರದು ಎಂದುಕೊಂಡಿದ್ದೆ. ಆದರೆ ನನ್ನ ತಮ್ಮ ಮೊದಲೇ ಹೇಳಿಬಿಟ್ಟಿದ್ದ. ಅವ್ವ ಎರಡು ದಿನ ಬರಿ ಅಡಿಗೆ ಮಾಡಿದಳು, ಬಟ್ಟೆ ಒಗೆದಳು. ಮೂರನೆಯ ದಿನ ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿದಳು.

"ನನ್ನ ಯಾರು ಕೇಳಿದ್ರವ್ವಾ? ಹದಿಮೂರು ತುಂಬಿತ್ತು ನನಗ. ಮಾಮನ ಜೋಡಿ ಲಗ್ನ ಅಂದ್ರು, ಆತು ಅಂದ್ನಿ. ಅವ ನನ್ನ ಹೆಗಲ ಮ್ಯಾಲೆ ಹೊತ್ಕೊಂಡು ಆಡಿಸಿದಾಂವ."

ಅವಳನ್ನು ಯಾರೂ ದೂರಿರಲಿಲ್ಲ. ಆದರೂ ಆ ಮಾತು ಹೇಳಿಕೊಂಡು ಅವಳು ಅತ್ತಳು. ನಾನು ಅವಳ ಹಿಟ್ಟಿನ ಕೈಯನ್ನು ಹಿಡಿದುಕೊಂಡೆ. ಆಗ ಅವಳ ಮುಖ ನನಗೆ ಚೆನ್ನಾಗಿ ಕಾಣುತ್ತಿತ್ತು. ಮುಖವಷ್ಟೇ. ಕೊರಳು, ಭುಜ, ಹಿಂದಿನ ಗೋಡೆ ಯಾವುದೂ ಇಲ್ಲ. ನಾನು ಆ ಮುಖವನ್ನೇ ನೋಡುತ್ತ ಕೂತೆ.

ಮುಂದಿನ ವರ್ಷಗಳನ್ನು ನಾನು ಕಚೇರಿಯಲ್ಲಿ ಹೆದರುತ್ತಲೇ ಕಳೆದೆ. ಅಕ್ಷರ ಮಸುಕಾಗತೊಡಗಿತು. ಭೂತಗನ್ನಡಿ ತಂದಿಟ್ಟುಕೊಂಡೆ. ಕಿಟಕಿಯ ಪಕ್ಕದ ಮೇಜು ಕೇಳಿ ಪಡೆದೆ. ಜೊತೆಯ ಹೆಂಗಸರು ನನ್ನ ಕಾಗದಗಳನ್ನು ಓದಿ ಹೇಳುತ್ತಿದ್ದರು, ಒಬ್ಬರಾದರೂ ಬೇಸರ ಪಡಲಿಲ್ಲ. ಆದರೆ ಹೊಸ ಸೂಪರಿಂಟೆಂಡೆಂಟರು ಬಂದ ಮೇಲೆ ವಿಷಯ ಮೇಲಕ್ಕೆ ಹೋಯಿತು. ನನ್ನನ್ನು ಮೆಡಿಕಲ್ ಬೋರ್ಡಿಗೆ ಕಳಿಸಿದರು. ಅಲ್ಲಿ ಮೂವರು ಡಾಕ್ಟರರು ಒಬ್ಬರಾದ ಮೇಲೊಬ್ಬರು ನೋಡಿ, ಸೇವೆಗೆ ಅಯೋಗ್ಯ ಎಂದು ತೀರ್ಮಾನಿಸಿದರು. ಆ ಎರಡು ಪದಗಳನ್ನು ಆಡಳಿತಾಧಿಕಾರಿ ನನಗೆ ಓದಿ ಹೇಳಿದರು, ಯಾಕೆಂದರೆ ಅಷ್ಟು ಹೊತ್ತಿಗೆ ಅವು ನನಗೆ ಕಾಣುತ್ತಿರಲಿಲ್ಲ.

ಅವರು ಕೆಟ್ಟ ಮನುಷ್ಯರಲ್ಲ. ಕುರ್ಚಿ ಎಳೆದು ಕೂಡಿಸಿದರು. ನಿವೃತ್ತಿ ತೆಗೆದುಕೊಳ್ಳಿ, ಪಿಂಚಣಿ ಎಂದು ಏನೋ ಸ್ವಲ್ಪ ಬರುತ್ತದೆ, ಮನೆಯಲ್ಲಿ ಆರಾಮಾಗಿ ಇರಿ ಎಂದರು. ನಾನು ಧೈರ್ಯ ಮಾಡಿ ಕೇಳಿದೆ: ಎಷ್ಟೋ ಕಚೇರಿಗಳಲ್ಲಿ ಕಣ್ಣಿಲ್ಲದವರು ಟೆಲಿಫೋನ್ ಬೋರ್ಡಿನಲ್ಲಿ ಕೂಡುತ್ತಾರಲ್ಲ, ಅವರಿಗೆಂದೇ ಜಾಗ ಮೀಸಲಿದೆಯಲ್ಲ, ನನ್ನನ್ನು ಅಲ್ಲಿ ಹಾಕಿ. ಅವರು ನಿಟ್ಟುಸಿರು ಬಿಟ್ಟರು. ಆ ಜಾಗಗಳು ಕುರುಡರಾಗಿಯೇ ಹೊಸದಾಗಿ ನೌಕರಿಗೆ ಬರುವವರಿಗೆ, ಅದಕ್ಕೆ ವಯಸ್ಸಿನ ಮಿತಿ ಇದೆ, ನಿಮಗೆ ಅದು ದಾಟಿದೆ. ಒಳಗಿದ್ದೇ ಕುರುಡರಾದವರಿಗೆ ಯಾವ ನಿಯಮವೂ ಇಲ್ಲ. ನಾನು ಹೊರಗೆ ಹೋಗಿ ಕುರುಡಿಯಾಗಿ ಒಳಗೆ ಬರಬೇಕು. ಆದರೆ ಹೊರಗೆ ಹೋದರೆ ಮತ್ತೆ ಬರುವ ವಯಸ್ಸಿಲ್ಲ. ಅವರು ಇದನ್ನು ವಿವರಿಸಿ ಮುಗಿಸಿ, ತಾವೇ ಸ್ವಲ್ಪ ಗೊಂದಲಗೊಂಡರು. ಮೇಲಿನವರನ್ನು ಒಮ್ಮೆ ಕೇಳಿ ನೋಡುತ್ತೇನೆ, ಅಲ್ಲಿಯವರೆಗೆ ರಜೆ ಹಾಕಿ ಎಂದರು.

ರಜೆಯ ಮೊದಲ ವಾರ ನಾನು ಹಾಸಿಗೆ ಬಿಟ್ಟು ಏಳಲಿಲ್ಲ. ನನ್ನ ಭಯ ಕತ್ತಲೆಯದಷ್ಟೇ ಆಗಿರಲಿಲ್ಲ. ಎರಡು ಕೋಣೆಯ ಆ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಬ್ಬಳೇ ಕೂತು, ಗಂಡ ಮಗಳು ಬರುವುದನ್ನೇ ಕಾಯುತ್ತ, ನೆರೆಯವರು ಅಯ್ಯೋ ಪಾಪ ಎನ್ನುವುದನ್ನು ಕೇಳುತ್ತ ಉಳಿದ ಆಯುಷ್ಯ ಕಳೆಯಬೇಕೆಂಬುದನ್ನು ನೆನೆದು ಮತ್ತೆ ಮುಸುಕೆಳೆದುಕೊಳ್ಳುತ್ತಿದ್ದೆ. ಆದ್ದರಿಂದಲೇ ಒಂದು ದಿನ, ಕಚೇರಿಯಲ್ಲಿ ವಿಚಾರಿಸಿ ಬರುತ್ತೇನೆಂದು ಹಟ ಮಾಡಿ ಒಬ್ಬಳೇ ಮಲಾಡ್ ಸ್ಟೇಶನ್ನಿಗೆ ಹೋದೆ.

ಗಾಡಿ ಬಂದ ಸದ್ದು ಕೇಳಿತು. ಜನ ನುಗ್ಗುವ ಸದ್ದೂ ಕೇಳಿತು. ನಾನು ಕಾಲು ಮುಂದಿಟ್ಟೆ. ಕಾಲಿಗೆ ನೆಲ ಸಿಗಲಿಲ್ಲ. ಯಾರೋ ಹಿಂದಿನಿಂದ ನನ್ನ ಸೆರಗನ್ನೂ ಜಡೆಯನ್ನೂ ಒಟ್ಟಿಗೇ ಹಿಡಿದು ಜಗ್ಗಿದರು. ನಾನು ಹಿಂದಕ್ಕೆ ಬಿದ್ದೆ. ಗಾಡಿ ಬಂದದ್ದು ಪಕ್ಕದ ಪ್ಲಾಟ್‌ಫಾರ್ಮಿಗೆ. ನನ್ನ ಮುಂದೆ ಇದ್ದದ್ದು ಬರಿ ಹಳಿ. ಜಗ್ಗಿದವಳು ಮೀನು ಮಾರುವ ಹೆಂಗಸು. ಅವಳ ಬುಟ್ಟಿ ಉರುಳಿ ನಮ್ಮ ಸುತ್ತ ಮೀನು ಚೆಲ್ಲಿತ್ತು. ಮರಾಠಿಯಲ್ಲಿ ಬಾಯಿಗೆ ಬಂದಂತೆ ಬೈದಳು, ಬೈಯುತ್ತಲೇ ನನ್ನ ಮೈ ಮುಟ್ಟಿ ಪೆಟ್ಟಾಗಿದೆಯೇ ಎಂದು ನೋಡಿದಳು, ಮೀನು ಆಯ್ದುಕೊಂಡಳು, ಆಮೇಲೆ ನನ್ನ ರಟ್ಟೆ ಹಿಡಿದು ಮನೆಯ ಗೇಟಿನವರೆಗೂ ತಂದು ಬಿಟ್ಟಳು. ಅವಳ ಹೆಸರನ್ನೂ ನಾನು ಕೇಳಲಿಲ್ಲ.

ಸಂಜೆ ಗುರುನಾಥರಿಗೆ ಹೇಳಿದೆ. ಅವರು ಅಂಗಿಯನ್ನೂ ಬಿಚ್ಚದೆ ನನ್ನ ಎದುರು ನೆಲಕ್ಕೆ ಕೂತರು. ಅಂಗಡಿಗೆ ಬರುವ ಗಿರಾಕಿಯೊಬ್ಬರಿಂದ ವಿಲೆ ಪಾರ್ಲೆಯ ಒಂದು ಸಂಸ್ಥೆಯ ವಿಷಯ ಕೇಳಿ ಬಹಳ ದಿನವಾಗಿತ್ತಂತೆ. ಕಣ್ಣು ಹೋಗುತ್ತಿರುವವರಿಗೆ ಅಲ್ಲಿ ಕೋಲು ಹಿಡಿದು ನಡೆಯುವುದನ್ನು, ಬೆರಳಿನಿಂದ ಓದುವುದನ್ನು ಕಲಿಸುತ್ತಾರಂತೆ. ಅದನ್ನು ನನಗೆ ಹೇಳಲು ಅವರಿಗೆ ಬಾಯಿ ಬಂದಿರಲಿಲ್ಲ.

"ಹೇಳಿದ್ರ ಅದು ಖರೇ ಆಗ್ತೈತಿ ಅನ್ನಿಸ್ತಿತ್ತು ನನಗ" ಎಂದರು.

ಆ ಸಂಸ್ಥೆಯಲ್ಲಿ ನನಗೆ ಕಲಿಸಲು ಬಂದವರು ಪ್ರಮೀಳಾ. ಮಂಗಳೂರಿನ ಕಡೆಯವರು, ಹುಟ್ಟುಕುರುಡಿ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಮೊದಲ ದಿನ ಅವರು ನನ್ನ ಕಡೆ ಕೈ ಚಾಚಿದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆ ನಿಲ್ಲದ ಕಣ್ಣುಗುಡ್ಡೆಗಳನ್ನು ನೋಡಲು ನನ್ನಿಂದ ಆಗಲಿಲ್ಲ. ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ.

"ನಿಮಗೆ ನನ್ನ ಹಾಗೆ ಆಗ್ಲಿಕ್ಕೆ ಹೆದ್ರಿಕೆ ಅಲ್ವಾ?" ಎಂದರು. "ಹೆದ್ರಿಕೊಂಡೇ ಇರಿ, ತೊಂದ್ರೆ ಇಲ್ಲ. ಕೋಲು ಮಾತ್ರ ಸರಿ ಹಿಡ್ಕೊಳ್ಳಿ."

ಹಾಗೆ ಹೆದರಿಕೊಂಡೇ ಕಲಿತೆ. ಉಳಿದಿದ್ದ ಚೂರು ದೃಷ್ಟಿಯನ್ನು ನಂಬದಂತೆ ಪ್ರಮೀಳಾ ನನ್ನ ಕಣ್ಣಿಗೆ ಬಟ್ಟೆ ಕಟ್ಟಿಸುತ್ತಿದ್ದರು. ಕೋಲಿನ ತುದಿ ಕಲ್ಲಿಗೆ ತಾಗಿದಾಗ, ಮಣ್ಣಿಗೆ ತಾಗಿದಾಗ, ಏನಕ್ಕೂ ತಾಗದೆ ಇಳಿದಾಗ ಕೈಗೆ ಏನು ತಿಳಿಯುತ್ತದೆ ಎಂದು ಕೇಳುತ್ತಿದ್ದರು. ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಲ್ಲಿಸಿದ ದಿನ ನಾನು ಅವರ ಕೈಯನ್ನು ಉಗುರು ಊರುವಂತೆ ಹಿಡಿದಿದ್ದೆ. ಗಾಡಿ ಬಂದು ನಿಂತ ಮೇಲೆ ಬಾಗಿಲ ಕಂಬಿ ಎಲ್ಲಿದೆಯೆಂದು ಮೊದಲು ಕೋಲಿಗೆ ಗೊತ್ತಾಗಬೇಕು, ಆಮೇಲೆ ಕೈಗೆ, ಆಮೇಲೆ ಕಾಲಿಗೆ ಎಂದರು. ನನ್ನ ಕಾಲು ಮಾತ್ರ ಎಷ್ಟೋ ಗಾಡಿಗಳನ್ನು ಹೋಗಲು ಬಿಟ್ಟಿತು. ಅವರು ಕಾದರು.

ಭಾನುವಾರಗಳಲ್ಲಿ ಅಲ್ಲಿ ಕೆಲವರು ಸೇರುತ್ತಿದ್ದರು. ನಮ್ಮೆಲ್ಲರದೂ ಒಂದೇ ಸಂಕಟ, ನೌಕರಿಯಲ್ಲಿದ್ದಾಗಲೇ ಅಂಗ ಹೋದದ್ದು. ಕಿವಿ ಹೋದ ಶಿಕ್ಷಕಿ ಇದ್ದಳು, ಕೈ ಕಳೆದುಕೊಂಡ ಮೆಕ್ಯಾನಿಕ್ ಇದ್ದ. ಅವರಲ್ಲಿ ಬೆಂಗಳೂರು ಮೂಲದ ವಾಸುದೇವ ರಾಯರು ಮುಖ್ಯ. ಬ್ಯಾಂಕಿನಲ್ಲಿ ಕೆಲಸ. ಬೆನ್ನುಹುರಿಯ ಗಡ್ಡೆ ತೆಗೆಸಿಕೊಂಡ ಮೇಲೆ ಸೊಂಟದಿಂದ ಕೆಳಗೆ ಸ್ವಾಧೀನ ಇರಲಿಲ್ಲ, ಗಾಲಿಕುರ್ಚಿಯಲ್ಲಿ ಬರುತ್ತಿದ್ದರು. ಅವರ ಕೈಗೂ ತಲೆಗೂ ಏನೂ ಆಗಿರಲಿಲ್ಲ. ಆದರೆ ಅವರ ಶಾಖೆಗೆ ಆರು ಮೆಟ್ಟಿಲು. ಮೆಟ್ಟಿಲಿನ ಪಕ್ಕ ಇಳಿಜಾರು ಕಟ್ಟುವ ಬದಲು ರಾಯರನ್ನು ಮನೆಗೆ ಕಳಿಸುವ ಏರ್ಪಾಡು ನಡೆದಿತ್ತು.

ಅಂಗವಿಕಲರ ಕಷ್ಟಗಳನ್ನು ಕೇಳಲು ದಿಲ್ಲಿಯಿಂದ ಒಂದು ಸಮಿತಿ ಮುಂಬಯಿಗೆ ಬರುತ್ತದೆಂಬ ಸುದ್ದಿ ತಂದವರು ರಾಯರೇ. ನಾವೆಲ್ಲ ಹೋಗಬೇಕು, ಒಬ್ಬೊಬ್ಬರೂ ಮಾತಾಡಬೇಕು ಎಂದರು. ನಾನು ಆಗಲೇ ಮನಸ್ಸಿನಲ್ಲಿ ಹಿಂದೆ ಸರಿದಿದ್ದೆ. ನನ್ನ ವಿಷಯ ಇನ್ನೂ ಮೇಲಿನವರ ಮುಂದೆ ಇತ್ತು. ಬಾಯಿ ಬಿಟ್ಟರೆ ಅವರು ಮುನಿಸಿಕೊಂಡು ಇರುವುದನ್ನೂ ಕಿತ್ತುಕೊಂಡರೆ? ಗುರುನಾಥರೂ ಅದನ್ನೇ ಹೇಳಿದರು. ಕೊನೆಗೆ, ಬಂದು ಸುಮ್ಮನೆ ಕೂಡುತ್ತೇನೆ ಎಂದು ರಾಯರಿಗೆ ಮಾತು ಕೊಟ್ಟೆ.

ಸಭೆ ಇದ್ದದ್ದು ಒಂದು ಹಳೆಯ ಸರ್ಕಾರಿ ಕಟ್ಟಡದ ಮೂರನೆಯ ಮಹಡಿಯಲ್ಲಿ. ಹೋಗಿ ನೋಡಿದರೆ ಲಿಫ್ಟು ಕೆಟ್ಟಿತ್ತು. ಇಬ್ಬರು ಪ್ಯೂನರು ಬಂದು ರಾಯರ ಕುರ್ಚಿಯನ್ನು ಎತ್ತಲು ಬಗ್ಗಿದರು. ರಾಯರು ಗಾಲಿಯ ಮೇಲೆ ಕೈ ಬಿಗಿ ಹಿಡಿದರು.

"ಎತ್ಕೊಂಡು ಹೋಗೋದು ಬೇಡಪ್ಪ. ನಾನೇನು ಗೋಣಿಚೀಲ ಅಲ್ಲ. ಇಲ್ಲೇ ಇರ್ತೀನಿ."

ಮೇಲೆ ಸಭೆ ಶುರುವಾಗಿತ್ತು. ಕೆಳಗೆ ನಾವು ಗುಂಪಾಗಿ ನಿಂತಿದ್ದೆವು. ಮೇಲೆ ಹೋಗಿ ಹೇಳುವವರು ಯಾರು? ಶಿಕ್ಷಕಿಗೆ ಕಿವಿ ಕೇಳದು, ಮೆಕ್ಯಾನಿಕ್ ಇನ್ನೂ ಬಂದಿರಲಿಲ್ಲ, ಪ್ರಮೀಳಾ ರಾಯರ ಪಕ್ಕದಿಂದ ಕದಲಲು ಒಪ್ಪಲಿಲ್ಲ. ನೀವು ಹೋಗಿ ಬನ್ನಿ ಎಂದು ನನಗೇ ಹೇಳಿದರು. ಅಲ್ಲಿಯವರೆಗೆ ನಾನು ಗೊತ್ತಿಲ್ಲದ ಕಟ್ಟಡದ ಮೆಟ್ಟಿಲನ್ನು ಕೋಲು ಹಿಡಿದು ಒಬ್ಬಳೇ ಹತ್ತಿದವಳಲ್ಲ. ಮೆಟ್ಟಿಲಿನ ಕಂಬಿಗೆ ಕೈ ತಾಗಿಸಿ, ತಿರುವು ಬಂದಾಗಲೆಲ್ಲ ನಿಂತು, ದನಿ ಬರುವ ಕಡೆಗೆ ಹತ್ತಿದೆ. ಬಾಗಿಲು ಎಂದುಕೊಂಡು ಒಂದು ಕಪಾಟಿಗೆ ಮುಖ ಕೊಟ್ಟೆ. ಒಳಗೆ ಹೋದಾಗ ಮಾತು ನಿಂತಿತು. ಎಲ್ಲರೂ ನನ್ನನ್ನು ನೋಡುತ್ತಿದ್ದಾರೆಂದು ತಿಳಿಯಿತು, ಯಾರೂ ನನಗೆ ಕಾಣುತ್ತಿರಲಿಲ್ಲ. ನನ್ನ ಹರಕು ಹಿಂದಿಯಲ್ಲಿ ಹೇಳಿದೆ: ನೀವು ಯಾರ ಮಾತು ಕೇಳಲು ದಿಲ್ಲಿಯಿಂದ ಬಂದಿದ್ದೀರೋ ಅವರು ಕೆಳಗೆ ಇದ್ದಾರೆ, ಮೇಲೆ ಬರಲು ಆಗುವುದಿಲ್ಲ. ನೀವು ಇಳಿದು ಬರುತ್ತೀರಾ?

ಯಾರೋ ಒಬ್ಬರು, ಸಭೆ ನಡೆಯುತ್ತಿದೆ ಅಮ್ಮಾ, ಎಂದರು. ಆಗ ವಯಸ್ಸಾದ ಹೆಂಗಸಿನ ದನಿಯೊಂದು ಅವರನ್ನು ತಡೆಯಿತು. ಅವರೇ ಸಮಿತಿಯ ಅಧ್ಯಕ್ಷೆ ಎಂದು ಆಮೇಲೆ ಗೊತ್ತಾಯಿತು. ಕುರ್ಚಿಗಳು ಹಿಂದೆ ಸರಿದ ಸದ್ದು ಕೇಳಿತು. ಆ ತಾಯಿಯೇ ಬಂದು, ನನ್ನ ತೋಳು ಹಿಡಿಯದೆ, ನೀವು ನನ್ನ ತೋಳು ಹಿಡಿಯಿರಿ ಎಂದರು. ಹಾಗೆ ಕರೆದುಕೊಂಡು ಹೋಗಬೇಕೆಂದು ಅವರಿಗೆ ಗೊತ್ತಿತ್ತು.

ಅಂಗಳದ ಮರದ ಕೆಳಗೆ ಬೆಂಚು ಹಾಕಿ ಸಭೆ ನಡೆಯಿತು. ರಾಯರು ಮೆಟ್ಟಿಲಿನ ವಿಷಯ ಹೇಳಿದರು. ಲೋಕಲ್ ಹತ್ತಲಾರದೆ ಕೆಲಸ ಬಿಟ್ಟವರ ವಿಷಯ ಪ್ರಮೀಳಾ ಹೇಳಿದರು. ನಾನು ಸುಮ್ಮನೆ ಕೂತಿದ್ದೆ. ಆದರೆ ಅಧ್ಯಕ್ಷೆ ನನ್ನ ಕಡೆ ತಿರುಗಿ, ನಿಮ್ಮದೇನು ಎಂದು ಕೇಳಿಯೇಬಿಟ್ಟರು. ನಾನು ಕೋಲು ಊರಿ ಎದ್ದು ನಿಂತೆ.

"ಕಣ್ಣು ಒಂದೇ ದಿನಕ್ಕೆ ಹೋಗಲಿಲ್ಲಮ್ಮ, ವರ್ಷಗಟ್ಟಲೆ ತೆಗೆದುಕೊಂಡಿತು. ನಾನೂ ಅದರ ಜೊತೆ ಸ್ವಲ್ಪ ಸ್ವಲ್ಪ ಕಲಿತೆ. ನೌಕರಿ ಮಾತ್ರ ಒಂದೇ ದಿನಕ್ಕೆ ಹೋಗುತ್ತಿದೆ. ಅದಕ್ಕೂ ನನಗೆ ಸ್ವಲ್ಪ ಸಮಯ ಕೊಡಿ. ಟೆಲಿಫೋನ್ ಬೋರ್ಡಿನಲ್ಲಿ ಕೂಡಿಸಿ ನೋಡಿ. ಆಗದಿದ್ದರೆ ಆಗ ಕಳಿಸಿ."

ಅವರು ಏನನ್ನೂ ಭರವಸೆ ಕೊಡಲಿಲ್ಲ. ಕಚೇರಿಯ ಹೆಸರು ಕೇಳಿಕೊಂಡರು. ಅದು ನನ್ನನ್ನು ಇನ್ನಷ್ಟು ಹೆದರಿಸಿತು. ಮುಂದಿನ ತಿಂಗಳುಗಳಲ್ಲಿ ಮನೆಯ ಬಾಗಿಲು ಬಡಿದರೂ ಕಚೇರಿಯಿಂದ ನಿವೃತ್ತಿಯ ಹುಕುಂ ಬಂತೆಂದೇ ಅನ್ನಿಸುತ್ತಿತ್ತು. ಅದೇ ದಿನಗಳಲ್ಲಿ ಉಳಿದ ಚೂರು ಬೆಳಕೂ ಕರಗಿತು. ಯಾವ ದಿನವೆಂದು ಹೇಳಲಾರೆ. ಒಂದು ಬೆಳಗ್ಗೆ ಸ್ವಾತಿಯ ಮುಖ ಹುಡುಕಿದೆ, ಸಿಗಲಿಲ್ಲ. ಇವತ್ತು ಮೋಡವಿರಬೇಕು ಎಂದುಕೊಂಡೆ. ಮರುದಿನವೂ ಸಿಗಲಿಲ್ಲ. ನನಗಿಂತ ಎತ್ತರವಾಗುತ್ತಿದ್ದ ಆ ಹುಡುಗಿ ನನ್ನ ಕೈಯನ್ನು ತೆಗೆದು ತನ್ನ ಕೆನ್ನೆಯ ಮೇಲೆ ಇಟ್ಟುಕೊಂಡಳು.

ಕಚೇರಿಯಿಂದ ಕರೆ ಬಂದಾಗ ಗುರುನಾಥ ಅಂಗಡಿಗೆ ರಜೆ ಹಾಕಿ ನನ್ನ ಜೊತೆ ಬಂದರು. ಆಡಳಿತಾಧಿಕಾರಿ ತಮ್ಮ ಕೋಣೆಯಲ್ಲಿ ನಮ್ಮಿಬ್ಬರನ್ನೂ ಕೂಡಿಸಿದರು. ಆರು ತಿಂಗಳ ಮಟ್ಟಿಗೆ ಟೆಲಿಫೋನ್ ಬೋರ್ಡಿನಲ್ಲಿ ಪ್ರಯೋಗಕ್ಕೆ ಕೂಡಿಸಬೇಕೆಂದು ಮೇಲಿನಿಂದ ಬಂದಿದೆ, ಎಂದರು ಅವರು. ಇದು ನಿಮ್ಮೊಬ್ಬರಿಗೆ ಮಾತ್ರ, ನಿಯಮವಲ್ಲ ಎಂದೂ ಸೇರಿಸಿದರು. ಆಮೇಲೆ ದನಿ ತಗ್ಗಿಸಿ, ಚೆನ್ನಾಗಿ ಮಾಡಿ ಎಂದರು.

ಬೋರ್ಡಿನ ಮುಂದೆ ಮೊದಲ ದಿನ ಕೂತಾಗ ಹಿಂದೆ ಯಾರೋ ನಿಂತು ನೋಡುತ್ತಿದ್ದರು. ಸಾಲು ಸಾಲು ತೂತುಗಳು, ಕೈತುಂಬ ತಂತಿಗಳು. ಕರೆ ಬಂದರೆ ಬೋರ್ಡಿನ ಮೇಲಿನ ಒಂದು ಪುಟ್ಟ ಮುಚ್ಚಳ ಬೀಳುತ್ತಿತ್ತು, ಅದನ್ನು ಬೆರಳಿನಿಂದ ಹುಡುಕಬೇಕು. ಮುಚ್ಚಳ ಬಿತ್ತು. ಹುಡುಕಿ ತಂತಿ ಚುಚ್ಚಿ ಹಲೋ ಎಂದೆ. ಆ ಕಡೆ ಮೊದಲು ಬರಿ ಉಸಿರು. ಆಮೇಲೆ ಗುರುನಾಥರ ದನಿ.

"ಏನಿಲ್ಲ, ಫೋನು ಹತ್ತತೈತೇನಂತ ನೋಡಿದ್ನಿ."

ರಾಂಗ್ ನಂಬರ್ ಎಂದು ಹೇಳಿ ತಂತಿ ಕಿತ್ತೆ. ಹಿಂದೆ ನಿಂತವರಿಗೆ ನನ್ನ ಮುಖ ಕಾಣದಿರಲೆಂದು ಬೋರ್ಡಿಗೆ ಇನ್ನಷ್ಟು ಹತ್ತಿರ ಬಾಗಿದೆ.

ಆರು ತಿಂಗಳು ಕಳೆದು ಮತ್ತೆ ಆರು ತಿಂಗಳು, ಕೊನೆಗೆ ಆ ಕುರ್ಚಿ ನನ್ನದಾಯಿತು. ವಾಸುದೇವ ರಾಯರಿಗೆ ಅಷ್ಟು ಭಾಗ್ಯವಿರಲಿಲ್ಲ. ಸಮಿತಿ ದಿಲ್ಲಿಗೆ ಮರಳಿದ ಕೆಲವೇ ವಾರಗಳಲ್ಲಿ ಅವರನ್ನು ನಿವೃತ್ತಿಗೊಳಿಸಿದ್ದರು. ನನಗೆ ಸಿಕ್ಕದ್ದನ್ನು ಅವರ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ, ಪ್ರಮೀಳಾ ಹೇಳಿದರು. ರಾಯರು ಮಿಠಾಯಿ ತರಿಸಿ ಹಂಚಿದರು. ಭಾನುವಾರದ ಸಭೆಯನ್ನು ನಿಲ್ಲಿಸಲಿಲ್ಲ. ಬಂದವರನ್ನೆಲ್ಲ ಕರೆದುಕೊಂಡು ಕಚೇರಿಯಿಂದ ಕಚೇರಿಗೆ ಗಾಲಿಕುರ್ಚಿ ತಳ್ಳಿಸಿಕೊಂಡು ಹೋಗುತ್ತಿದ್ದರು. ಎಷ್ಟೋ ಕಡೆ ಬಾಗಿಲಲ್ಲೇ ಮಾತು ಮುಗಿಯುತ್ತಿತ್ತು.

ಕೆಲವು ವರ್ಷಗಳ ನಂತರ ಒಂದು ದಿನ ಬೋರ್ಡಿನಲ್ಲಿ ಅವರ ದನಿ ಕೇಳಿತು. ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ಸರ್ಕಾರ ಕೆಲಸದಿಂದ ತೆಗೆಯುವಂತಿಲ್ಲ, ಬೇರೆ ಕೆಲಸ ಕೊಡಬೇಕು ಎಂದು ಕಾನೂನೇ ಆಗಿದೆ ಎಂದರು. ನಿಮಗೂ ಅನ್ವಯಿಸುತ್ತದೆಯೇ ರಾಯರೇ ಎಂದು ಕೇಳಿದೆ. ಇಲ್ಲ, ಅವರದು ಮುಗಿದ ವಿಷಯವಂತೆ. ಅದನ್ನು ಅವರು ಬೇರೆ ಯಾರದೋ ಸುದ್ದಿ ಎಂಬಂತೆ ಹೇಳಿದರು.

ನಮ್ಮ ಕಚೇರಿಯ ಡ್ರೈವರ್ ಒಬ್ಬನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿತ್ತು. ಮುಂದಿನ ವಾರ ಅವನು ಮೆಡಿಕಲ್ ಬೋರ್ಡಿಗೆ ಹೋಗಬೇಕಿತ್ತು. ಹೆದರಿ ನನ್ನ ಹತ್ತಿರ ಬಂದು ಕೂತು ಅತ್ತಿದ್ದನ್ನು ನಾನು ರಾಯರಿಗೆ ಹೇಳಿದ್ದೆ. ಅವರು ಅದನ್ನು ಮರೆತಿರಲಿಲ್ಲ.

"ನಿಮ್ಮ ಆಡಳಿತಾಧಿಕಾರಿ ಇದ್ದಾರಾ?" ಎಂದು ಕೇಳಿದರು.

ಆಗಿನವರು ಹೋದರು, ಈಗ ಬೇರೆಯವರು ಬಂದಿದ್ದಾರೆ ಎಂದೆ.

"ಯಾರಾದ್ರೇನಂತೆ, ಲೈನ್ ಕೊಡಿ. ಆ ಹುಡುಗ ಅವ್ರ ಕೋಣೆಗೆ ಹೋಗೋಕೆ ಮುಂಚೆ ಅವ್ರಿಗೆ ಇದು ಗೊತ್ತಿರ್ಲಿ."

ನಾನು ತಂತಿ ಎತ್ತಿಕೊಂಡು, ಬೆರಳಿನಿಂದ ಮೇಲಿನ ಸಾಲಿನ ತೂತು ಹುಡುಕಿ, ಲೈನ್ ಕೊಟ್ಟೆ.